ಮಾರಾಟದ ಚೀಟಿ ಹುಡುಕು: ಯುವ ಬರಹಗಾರರಿಗೆ ಒಂದು ಪತ್ರ

ಪ್ರಿಯ ಮಿತ್ರ,

ನಿನ್ನ ದೊಡ್ಡಪ್ಪನ ವರ್ಷಾಂತಿಕದ ಪುಸ್ತಿಕೆಗೆ ಬರೆದ ಕರಡು ತಲುಪಿತು. "ಕಷ್ಟಜೀವಿ, ಮಿತಭಾಷಿ, ಸಂಸಾರವನ್ನೇ ದೇವರೆಂದು ನಂಬಿದವರು" ಎಂದು ಶುರುಮಾಡಿದ್ದೀಯ. ಮೂರೂ ನಿಜವೇ ಇರಬಹುದು. ಆದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಯಾವ ಅಡಿಕೆ ಬೆಳೆಗಾರರ ಹೆಸರು ಹಾಕಿದರೂ ಈ ಸಾಲು ಹಾಗೇ ಕೂತುಬಿಡುತ್ತದೆ. ಇನ್ನೊಬ್ಬರಿಗೆ ಒಪ್ಪುವ ಸಾಲುಗಳನ್ನೆಲ್ಲ ಮೊದಲು ಹೊಡೆದುಹಾಕು. ನಾಲ್ಕೇ ಸಾಲು ಉಳಿದರೂ ಹೆದರಬೇಡ, ಆ ನಾಲ್ಕು ಅವರವು.

"ಹಗಲಿರುಳು ದುಡಿದರು" ಎಂದು ಬರೆದಿದ್ದೀಯ. ಯಾವ ಕೆಲಸ, ಯಾವ ತಿಂಗಳು? ಮಳೆಗಾಲದಲ್ಲಿ ತೋಟ ಕಾಯುವುದೆಂದರೆ ಕೊಳೆರೋಗದಿಂದ ಕಾಯುವುದು. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಮದ್ದು ಹೊಡೆಯಬೇಕು. 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಬೇರೆಬೇರೆಯಾಗಿ ಕರಗಿಸಿ ಆಮೇಲೆ ಕೂಡಿಸುವುದು. ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ಹದ ಕೆಡುತ್ತದೆ. ಉಜ್ಜಿದ ಕತ್ತಿಯನ್ನು ಅದ್ದಿ ನೋಡಿದಾಗ ಅಲಗಿಗೆ ಕೆಂಪು ಹಿಡಿದರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಎರಡನೇ ಮದ್ದಿನ ಹೊತ್ತಿಗೆ ಆಷಾಢ. ಮಳೆ ಹೊಳವು ಕೊಡದಿದ್ದರೆ ಡ್ರಮ್ಮಿನಲ್ಲಿರುವುದು ಹಾಳು, ಹತ್ತಬೇಕಾದ ಮರ ಪಾಚಿಗೆ ಜಾರುತ್ತದೆ, ಹತ್ತು ಎಂದು ಯಾರಿಗೂ ಹೇಳುವಂತಿಲ್ಲ. ಅಂಥ ದಿನ ನಿನ್ನ ದೊಡ್ಡಪ್ಪ ಏನು ಮಾಡುತ್ತಿದ್ದರು? ಕತ್ತಿ ಅದ್ದಿ ನೋಡುತ್ತಿದ್ದವರು ಅವರೇ ತಾನೆ? ಇದನ್ನು ಕೇಳಿಕೊಂಡು ಬಂದು ಬರೆದರೆ "ಹಗಲಿರುಳು" ಎಂಬ ಪದವೇ ಬೇಕಾಗುವುದಿಲ್ಲ.

ಸಂಸಾರದ ಮೇಲಿನ ಪ್ರೀತಿ ಇದಕ್ಕಿಂತ ಕಷ್ಟ. ಮಾತೇ ಆಡದ ಮನುಷ್ಯ ಅದನ್ನು ಎಲ್ಲಿ ಬರೆದಿಟ್ಟಿರುತ್ತಾನೆ? ಹೆಚ್ಚಾಗಿ ಮಾರಾಟದ ಚೀಟಿಯಲ್ಲಿ. ಹಣ್ಣಡಿಕೆ 35-40 ದಿನ ಬಿಸಿಲು ಕಂಡು, ಸುಲಿದು ಚಾಲಿ (ಬಿಳಿ ಒಣಡಿಕೆ) ಆದ ಮೇಲೆ ಕೆಡದೆ ಉಳಿಯುತ್ತದೆ. ತಾಕತ್ತಿದ್ದವರು ದರ ಏರಲಿ ಎಂದು ಕಾಯುತ್ತಾರೆ. ಎಲ್ಲ ಬೆಳೆಗಾರರಿಗೂ ಕಾಯುವ ಆಸೆ ಇರುತ್ತದೆ. ಹಾಗಿರುವಾಗ ಯಾವ ವರ್ಷ ಯಾವ ತಾರೀಕಿಗೆ ಮಾರಿದರು ಎಂಬುದನ್ನು ನೋಡು. ಜೂನ್ ಮೊದಲ ವಾರದಲ್ಲಿ ಮಾರಿದ್ದರೆ ಆ ವರ್ಷ ಯಾರ ಕಾಲೇಜು ಶುರುವಾಯಿತು? ಸಣ್ಣ ಸಣ್ಣ ತೂಕದಲ್ಲಿ ನಾಲ್ಕೈದು ಸಲ ಮಾರಿದ್ದರೆ ಮನೆಯಲ್ಲಿ ಯಾರಿಗೆ ಕಾಯಿಲೆ? ಕಾಯಬಹುದಾಗಿದ್ದ ಮಾಲನ್ನು ಕಾಯದೆ ಕೊಟ್ಟದ್ದು ಕಂಡರೆ ಅದನ್ನು ಬರೆ. ತಾರೀಕು, ತೂಕ, ದರ ಮೂರನ್ನೂ ಹಾಕು, ವ್ಯಾಖ್ಯಾನ ಹಾಕಬೇಡ.

ಇದಕ್ಕೆ ಒಂದು ಉಪಾಯ: ಹಾಳೆಯ ನಡುವೆ ಗೆರೆ ಎಳೆ. ಎಡಕ್ಕೆ ತೋಟದ ವರ್ಷಗಳು, ಬಲಕ್ಕೆ ಮನೆಯ ವರ್ಷಗಳು. ಸಸಿ ನೆಟ್ಟದ್ದು, ಬಾವಿ ತೋಡಿದ್ದು, ಸೊಸೈಟಿ ಸಾಲ, ಪಂಪ್‌ಸೆಟ್ ಒಂದು ಕಡೆ. ಮದುವೆ, ಹೆರಿಗೆ, ಶಾಲೆ, ಸಾವು ಇನ್ನೊಂದು ಕಡೆ. ಅಡಿಕೆ ಸಸಿ ಫಸಲು ಕೊಡಲು 5-6 ವರ್ಷ ಬೇಕು. ಮಗಳು ಹುಟ್ಟಿದ ವರ್ಷ ಹೊಸ ತುಂಡಿಗೆ ಸಸಿ ಇಟ್ಟಿದ್ದರೆ ಅವಳು ಒಂದನೇ ತರಗತಿಗೆ ಹೋಗುವಾಗ ಮೊದಲ ಕೊನೆ (ಅಡಿಕೆ ಗೊನೆ) ಇಳಿದಿರುತ್ತದೆ. ಎರಡೂ ಕಡೆ ಒಂದೇ ವರ್ಷ ಎದುರುಬದುರಾಗುವ ಜಾಗದಲ್ಲಿ ನಿನ್ನ ಲೇಖನ ಇದೆ. ಉಳಿದದ್ದನ್ನು ಒಂದೆರಡು ಸಾಲಿನಲ್ಲಿ ದಾಟಿಸಿಬಿಡು.

ವರ್ಷಗಳನ್ನು ಬಾಯಿಮಾತಿಗೆ ನಂಬಬೇಡ. "ಎಪ್ಪತ್ತನೇ ಇಸವಿಯಲ್ಲೇ ಕ್ಯಾಂಪ್ಕೊಗೆ ಹಾಕಿದ್ದರು" ಎಂದು ಯಾರಾದರೂ ಅಂದರೆ ಅದು ತಪ್ಪು, ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಹುಟ್ಟಿದ್ದೇ 1973ರಲ್ಲಿ. ಅಂಥದೇ ಸಹಕಾರಿ ಸಂಘಗಳಲ್ಲಿ ಶಿರಸಿಯ ಟಿಎಸ್‌ಎಸ್ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಹಳೆಯ ಚೀಟಿ ಅಲ್ಲಿಯದಿರಬಹುದು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅನುಮಾನಿಸು, ಸೇರಿಸುವ ದಿನ ಮೇಷ್ಟ್ರು ಹಾಕಿದ ತಾರೀಕು ಅದಿರಬಹುದು. ಜಾತಕ ಸಿಕ್ಕರೆ ಒಳ್ಳೆಯದು, ಆದರೆ ಅಲ್ಲೂ ಒಂದು ಕಡೆ ಎಡವುತ್ತಾರೆ. ಉದಾಹರಣೆಗೆ, ಕ್ರೋಧಿ ಸಂವತ್ಸರ ಯುಗಾದಿಗೆ, ಅಂದರೆ 1964ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರ ಮಾಘ ಮಾಸ ಬರುವುದು 1965ರ ಫೆಬ್ರವರಿಯಲ್ಲಿ. ಮಾಘದಲ್ಲಿ ಹುಟ್ಟಿದವರಿಗೆ ಕ್ರೋಧಿ ಎಂದೊಡನೆ 1964 ಎಂದು ಬರೆದರೆ ವಯಸ್ಸಿನ ಲೆಕ್ಕ ಒಂದು ವರ್ಷ ತಪ್ಪುತ್ತದೆ, ಮನೆಯ ಹಿರಿಯರು ಮೊದಲು ಹಿಡಿಯುವುದೂ ಅದನ್ನೇ.

ಯಾರನ್ನು ಕೇಳಬೇಕು? ಮಕ್ಕಳನ್ನು ಕೊನೆಗೆ ಕೇಳು, ಅವರು ಭಾಷಣ ಮಾಡುತ್ತಾರೆ. ಮೊದಲು ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಹತ್ತಿರ ಹೋಗು. ವರ್ಷಗಟ್ಟಲೆ ಇವರ ಮರ ಹತ್ತಿದವನಿಗೆ ಯಜಮಾನ ಕೆಳಗೆ ನಿಂತು ಏನು ಕೂಗುತ್ತಿದ್ದರು, ಕೂಲಿ ಯಾವತ್ತು ಕೊಡುತ್ತಿದ್ದರು ಎಂಬುದು ಗೊತ್ತು. ಆಮೇಲೆ ದೊಡ್ಡಮ್ಮ, ಅವರೊಬ್ಬರೇ ಇರುವಾಗ, ಅಡುಗೆಮನೆಯಲ್ಲಿ. "ಹೇಗಿದ್ದರು" ಎಂದು ಕೇಳಬೇಡ, "ಒಳ್ಳೆಯವರಿದ್ದರು" ಎಂದು ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಎದ್ದು ಮೊದಲು ಏನು ಮುಟ್ಟುತ್ತಿದ್ದರು, ಪೇಟೆಯಿಂದ ಬರುವಾಗ ಚೀಲದ ತಳದಲ್ಲಿ ಏನಿರುತ್ತಿತ್ತು, ಯಾವ ಪಲ್ಯ ಬಿಡುತ್ತಿದ್ದರು ಎಂದು ಕೇಳು. ದೊಡ್ಡಪ್ಪನ ಮಾತನ್ನು ಉದ್ಧರಿಸುವುದಾದರೆ ಇಬ್ಬರ ನೆನಪಿನಲ್ಲಿ ಒಂದೇ ರೀತಿ ಉಳಿದದ್ದನ್ನು ಮಾತ್ರ ಹಾಕು, ಅದೂ ಅವರ ಮನೆಮಾತಿನಲ್ಲೇ. ಎರಡು ಸಾಲು ಸಾಕು.

ನಿನ್ನ ಕರಡಿನಲ್ಲಿ ನನಗೆ ನೋವಾದದ್ದು "ಏಕಾಂಗಿಯಾಗಿ ತೋಟ ಕಟ್ಟಿದರು" ಎಂಬ ಮಾತು. ಕೆಂಪಡಿಕೆ (ಹಸಿಕಾಯಿ ಸುಲಿದು, ಬೇಯಿಸಿ ಒಣಗಿಸಿದ್ದು) ಮಾಡುವ ಮನೆಯಲ್ಲಿ ಹಸಿಕಾಯಿ ಇಳಿದ ದಿನವೇ ಸುಲಿಗೆ ಶುರುವಾಗಬೇಕು. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂರುವವರಲ್ಲಿ ಹೆಂಗಸರೇ ಹೆಚ್ಚು. ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕಂದು ರಸ) ಬೇಯುವ ಹಂಡೆಯ ಉರಿ ನೋಡುವುದು, ಅಟ್ಟದ ಮೇಲೆ ಹರವುವುದು, ಮೋಡ ಕಂಡರೆ ಓಡಿ ಒಟ್ಟುಮಾಡುವುದು, ಇದರ ನಡುವೆ ಆಳುಗಳಿಗೆ ಊಟ ಬಡಿಸುವುದು. ದೊಡ್ಡಮ್ಮನ ಬೆರಳಿನ ಚೊಗರಿನ ಕಲೆ ನೋಡಿದ್ದೀಯಲ್ಲ? ಅವರನ್ನು ಬಿಟ್ಟು ದೊಡ್ಡಪ್ಪನ ದುಡಿಮೆ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ. ಅವರಿಬ್ಬರೂ ಒಟ್ಟಿಗೆ ಇದ್ದದ್ದೇ ಆ ಕೆಲಸದಲ್ಲಿ.

ಸಿಟ್ಟಿನ ವಿಷಯವನ್ನೂ ಮುಚ್ಚಿಡಬೇಡ. ಮಕ್ಕಳಿಗೆ ಗದರಿದ್ದಿದ್ದರೆ, ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಮಾತು ಬಿಟ್ಟಿದ್ದಿದ್ದರೆ ಒಂದು ಸಾಲಿನಲ್ಲಿ, ಮನೆಯವರ ಒಪ್ಪಿಗೆ ಪಡೆದು ಬರೆ. ಆ ಸಾಲು ಓದಿದವರು ಉಳಿದದ್ದನ್ನು ನಂಬುತ್ತಾರೆ. ಸಾಲದ ಮೊತ್ತ ಬೇಡ ಎಂದರೆ ಬಿಟ್ಟುಬಿಡು, ತೀರಿಸಿದ ವರ್ಷ ಹಾಕಲು ಕೇಳಿಕೊ.

700 ಪದ ದಾಟಬೇಡ. ವರ್ಷಾಂತಿಕದ ದಿನ ಪುಸ್ತಿಕೆಯನ್ನು ಜೋರಾಗಿ ಓದುತ್ತಾರೆ, ಊಟದ ಎಲೆ ಹಾಕುವ ಮೊದಲು ಸಿಗುವುದು ಆರೇಳು ನಿಮಿಷ. ಅಚ್ಚಿಗೆ ಕೊಡುವ ಹಿಂದಿನ ದಿನ ದೊಡ್ಡಮ್ಮನಿಗೆ ಪೂರ್ತಿ ಓದಿ ಹೇಳು. ಅವರು ತಡೆದು ತಿದ್ದಿದ ಕಡೆ ಪೆನ್ಸಿಲ್ ಗುರುತು ಮಾಡಿಕೊ, ವಾದ ಬೇಡ.

ಈ ವಾರವೇ ಹೊರಡು. ಮೇ ಕೊನೆ ಬಂದರೆ ಮೊದಲ ಮದ್ದು ಶುರು, ಆಮೇಲೆ ಕೊನೆಗೌಡ ಸಿಗುವುದಿಲ್ಲ. ಅವನಿರುವ ಕಡೆಗೇ ಹೋಗು, ಮಧ್ಯಾಹ್ನದ ಊಟವಾದ ಮೇಲೆ, ಎಲೆಯಡಿಕೆ ಕವಳ ಹಾಕಿ ಕೂತಾಗ.

ನಿನ್ನ ಹಿತೈಷಿ