ಹಳೇ ಸ್ಟಿಕ್ ಎಸೆಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಮಾತುಕತೆ ಹಾಕಿ ಆಟಗಾರ ಜೂಡ್ ಫೆಲಿಕ್ಸ್ ಬಗ್ಗೆ. ನಮ್ಮ ಬೆಂಗಳೂರಿನವರೇ, ಆದರೂ ಚಿಕ್ಕವರಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ?

1988ರ ಸಿಯೋಲ್, 1992ರ ಬಾರ್ಸಿಲೋನಾ, ಎರಡೂ ಒಲಿಂಪಿಕ್ಸ್ ಆಡಿದವರು. ಮಿಡ್‌ಫೀಲ್ಡರ್, ಅಂದರೆ ಮೈದಾನದ ಮಧ್ಯದಲ್ಲಿ ಆಡುವವರು. 1994ರಲ್ಲಿ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಬೆಳ್ಳಿ ಗೆದ್ದಾಗ ಇವರೇ ಕ್ಯಾಪ್ಟನ್. ಅರ್ಜುನ ಪ್ರಶಸ್ತಿಯೂ ಬಂತು.

ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಕಥೆ. 2009ರಲ್ಲಿ ಬೆಂಗಳೂರಿನಲ್ಲೇ ತಮ್ಮ ಹೆಸರಿನ ಅಕಾಡೆಮಿ ಶುರು ಮಾಡಿದರು, ಅನಾಥ ಮಕ್ಕಳಿಗೆ, ಬಡ ಮನೆಯ ಮಕ್ಕಳಿಗೆ ಹಾಕಿ ಕಲಿಸುವುದಕ್ಕೆ. ಹೆಸರು ಮಾಡಿದ ಆಟಗಾರ ಸುಮ್ನೆ ಟಿವಿಯಲ್ಲಿ ಕೂತು ಮಾತಾಡಿಕೊಂಡು ಇರಬಹುದಿತ್ತು, ಅಲ್ವಾ? 2020ರಲ್ಲಿ ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿತು.

ಇನ್ನೊಂದು ವಿಷಯ, ಆ ಅಕಾಡೆಮಿಯ ಮಕ್ಕಳಿಗೆ ನಮ್ಮ ಹಳೇ ಸಾಮಾನು ಕೊಡುವ ಬಗ್ಗೆ. ಮನೆಯ ಅಟ್ಟದ ಮೇಲೆ ಮಕ್ಕಳ ಅಳತೆಯ ಸ್ಟಿಕ್, ಶಿನ್ ಗಾರ್ಡ್ (ಮೊಣಕಾಲ ಕೆಳಗೆ ಕಟ್ಟುವ ರಕ್ಷಣೆ), ಶೂ ಇದ್ದರೆ ಫೋಟೋ ಹಾಕಿ. ಗ್ರಿಪ್ ಕಿತ್ತುಹೋಗಿದ್ದರೆ ಪರವಾಗಿಲ್ಲ, ಹೊಸದು ಸುತ್ತಬಹುದು. ತುದಿಯ ಕೊಕ್ಕೆ ಸೀಳಿದ್ದರೆ ಬೇಡ, ಕೈಗೆ ಸಿಬಿರು ಚುಚ್ಚುತ್ತೆ. ದೊಡ್ಡವರ ಸ್ಟಿಕ್ಕೂ ಬೇಡ, ಎಂಟು ವರ್ಷದ ಮಗುವಿನ ಎದೆ ಮಟ್ಟ ಬರುತ್ತೆ. ಬೇಕಾ ಅಂತ ಅಕಾಡೆಮಿಯವರನ್ನು ಕೇಳಿ ಆಮೇಲೆ ತಿಳಿಸುತ್ತೇನೆ. ಅಲ್ಲಿವರೆಗೆ ಯಾರೂ ಸೀದಾ ಹೊತ್ತುಕೊಂಡು ಹೋಗಬೇಡಿ.