ನಾಲ್ಕನೇ ಮಾತಿನ ದಿನ ನಾನು ಹೇಳದೆ ಬಿಟ್ಟಿದ್ದು

ಪ್ರೀತಿಯ ದೋಸ್ತ,

ಫೋನ್ ಮಾಡಿಯೇ ಹೇಳಬಹುದಿತ್ತು. ಮೂರು ಸಲ ಮಾಡಿದೆ ಕೂಡ. ಪ್ರತಿ ಸಲವೂ ಮಳೆ, ಮಕ್ಕಳ ಪರೀಕ್ಷೆ, ನಿನ್ನ ಗಾಡಿಯ ರಿಪೇರಿ ಇಷ್ಟರಲ್ಲೇ ಮಾತು ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಕೇಳಬೇಡ. ನನ್ನ ಹಾಗೇ ಚರ್ಚಿನ ಬೆಂಚಿನಲ್ಲಿ ಸುಮ್ಮನೆ ಕೂತಿರುವವರು ಇನ್ನೂ ಇದ್ದಾರೆ ಅನ್ನಿಸುತ್ತದೆ. ನಮ್ಮ ಕ್ರಿಸ್ಮಸ್ ನಾಟಕದ ಮೂರನೇ ಜ್ಞಾನಿಯ ಗಡ್ಡದ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಈ ವರ್ಷದ ಶುಭ ಶುಕ್ರವಾರ ನೆನಪಿದೆ ಅಲ್ವಾ? ಹನ್ನೆರಡರಿಂದ ಮೂರರವರೆಗಿನ ಆರಾಧನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚಿದಾಗ ನನ್ನ ಪಾಲಿಗೆ ನಾಲ್ಕನೆಯದು ಬಂತು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಹದಿನೈದು ನಿಮಿಷ ಮಾತಾಡಿದೆ. ಇದು ಸತ್ಯವೇದದ 22ನೇ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಕೂಗಿನಲ್ಲಿ ಶುರುವಾದರೂ ಸ್ತುತಿಯಲ್ಲಿ ಮುಗಿಯುತ್ತದೆ, ಆದ್ದರಿಂದ ಕತ್ತಲೆ ಕೊನೆಯಲ್ಲ ಅಂತ ಹೇಳಿದೆ. ಎಲ್ಲರೂ ಚೆನ್ನಾಗಿತ್ತು ಅಂದರು. ನೀನೂ ಅಂದೆ. ಅವ್ವ ಮಾತ್ರ ಏನೂ ಹೇಳಲಿಲ್ಲ. ಮನೆಗೆ ಬಂದು ತಟ್ಟೆಗೆ ಅನ್ನ ಹಾಕುತ್ತಾ ಒಂದೇ ಒಂದು ಮಾತು ಕೇಳಿದಳು. "ಕಡೀಕ ಹೋಗಾಕ ಅಷ್ಟ್ಯಾಕ ಗಡಿಬಿಡಿ ಮಾಡಿದ್ಯೋ?"

ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಣ್ಣನ ವಿಷಯ ನಿನಗೆ ಹೊಸದಲ್ಲ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀ, ಹೆಸರು ಹಾಕಬ್ಯಾಡ" ಅಂದ. ಅವನು ಕುಡಿಯಲು ಶುರು ಮಾಡಿದ್ದು 2006ರಲ್ಲಿ. ಬಿಡಿಸುವ ಕೇಂದ್ರಕ್ಕೆ ಐದು ಸಲ ಹೋಗಿ ಬಂದ. ಒಂದು ಸಲ ಎಂಟು ತಿಂಗಳು ಮುಟ್ಟಲೇ ಇಲ್ಲ. ಆ ಎಂಟು ತಿಂಗಳು ಅವ್ವ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಉಂಡಿ ಕೊಡುತ್ತಿದ್ದಳು.

ಅವ್ವನ ಸತ್ಯವೇದ ನೀನು ನೋಡಿದ್ದೀಯ, ಬೆನ್ನು ಕಿತ್ತುಹೋಗಿ ಬಟ್ಟೆ ಅಂಟಿಸಿರುವುದು. ಜೂನ್‌ನಲ್ಲಿ ಅವಳ ಕನ್ನಡಕ ಹುಡುಕುತ್ತಾ ಅದನ್ನು ತೆರೆದೆ. 13ನೇ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ತಾರೀಖುಗಳು. ದೇವರು ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತಾನೆ ಅಂತ ದಾವೀದ ಕೇಳುವ ಕೀರ್ತನೆ ಅದು. ಒಂದರ ಕೆಳಗೆ ಒಂದು, ಅಂಚು ತುಂಬಿ, ಅಡ್ಡ ತಿರುಗಿ, ಮತ್ತೆ ಮೇಲಕ್ಕೆ ಹೋಗಿವೆ. ಮೊದಲಿನವು ಮಾಸಿಹೋಗಿವೆ. ಕೊನೆಯದು ಹಿಂದಿನ ಭಾನುವಾರದ್ದು. ಎಲ್ಲೂ "ಉತ್ತರ ಸಿಕ್ಕಿತು" ಅಂತ ಬರೆದಿಲ್ಲ. ಆದರೆ ಒಂದು ತಾರೀಖನ್ನೂ ಹೊಡೆದು ಹಾಕಿಲ್ಲ.

ಪುಟ ತಿರುವಿದಾಗ 88ನೇ ಕೀರ್ತನೆ ಕಂಡಿತು. ಆ ಕೀರ್ತನೆಯ ಮೇಲೆ ನಾನು ಒಂದು ಪ್ರಸಂಗವನ್ನೂ ಕೇಳಿಲ್ಲ. ನೀನು ಕೇಳಿದ್ದೀಯಾ? ಅದು ಸ್ತುತಿಯಲ್ಲಿ ಮುಗಿಯುವುದಿಲ್ಲ. ಹಗಲೂ ರಾತ್ರಿ ಕೂಗಿದೆ, ನೀನು ಮುಖ ಮರೆ ಮಾಡಿದೆ, ಗೆಳೆಯರನ್ನೂ ದೂರ ಮಾಡಿದೆ ಅನ್ನುತ್ತದೆ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆದರೂ ಅದನ್ನು ಕಿತ್ತು ಹಾಕದೆ ದೇವರ ವಾಕ್ಯ ಅಂತಲೇ ಇಟ್ಟುಕೊಂಡಿದ್ದಾರೆ. ಅವತ್ತು ಆಲ್ಟರಿನ ಮುಂದೆ ನಾನು ಹೇಳಬೇಕಾಗಿದ್ದದ್ದು ಇದು ಅಂತ ಆಗ ತಿಳಿಯಿತು. ಯೇಸುಸ್ವಾಮಿ 22ನೇ ಕೀರ್ತನೆಯ ಆ ಮೊದಲ ಸಾಲನ್ನು ಕೂಗಿದಾಗ ಅವರಿಗೆ ಮೇಲಿನಿಂದ ಉತ್ತರ ಬರಲಿಲ್ಲ. ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಕಷ್ಟದ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಅಂತ ಮೂರು ಸಲ ಬೇಡಿದ್ದರು. ಅದು ಬಿಟ್ಟು ಹೋಗಲಿಲ್ಲ. ನಾನು ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಈಸ್ಟರಿಗೆ ಓಡಿಬಿಟ್ಟೆ.

ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಮೈಕ್ ಕೊಡುವುದು ಪ್ರಾರ್ಥನೆ ಫಲಿಸಿದವರಿಗೆ. ಕೆಲಸ ಸಿಕ್ಕವರಿಗೆ, ಗಂಟು ಕರಗಿದವರಿಗೆ, ಮಗು ಹುಟ್ಟಿದವರಿಗೆ. ಅವರ ಸಂತೋಷ ನಿಜವಾದದ್ದು, ನಾನೂ ಚಪ್ಪಾಳೆ ತಟ್ಟಿದ್ದೇನೆ. ಆದರೆ ಹತ್ತೊಂಬತ್ತು ವರ್ಷ ಬೇಡಿ ಇನ್ನೂ ಬೇಡುತ್ತಿರುವವಳಿಗೆ ಮೈಕ್ ಕೊಟ್ಟಿದ್ದನ್ನು ನೋಡಿಲ್ಲ. ಒಂದು ಉಪವಾಸ ಕೂಟದಲ್ಲಿ ಒಬ್ಬರು ಅವ್ವನಿಗೆ "ನಿಮ್ಮ ನಂಬಿಕೆ ಸಾಲದು" ಅಂದರು. ಅವತ್ತು ಅವಳು ಮನೆವರೆಗೆ ಮಾತಾಡಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ನಂಬಿಕೆ ಸಾಲದೆ ಇದ್ದಿದ್ದರೆ ಆ ತಾರೀಖುಗಳು ಯಾವಾಗಲೋ ನಿಲ್ಲುತ್ತಿದ್ದವು.

ಒಳ್ಳೆಯ ಮನಸ್ಸಿನವರು ಸಂತ ಅಗಸ್ಟಿನನ ತಾಯಿ ಮೋನಿಕಾಳ ಕಥೆ ಹೇಳುತ್ತಾರೆ. ಮಗನಿಗಾಗಿ 17 ವರ್ಷ ಅತ್ತಳು, ಇಷ್ಟೊಂದು ಕಣ್ಣೀರಿನ ಮಗ ಹಾಳಾಗಲಾರ ಅಂತ ಒಬ್ಬ ಬಿಷಪ್ ಸಮಾಧಾನ ಹೇಳಿದ, 387ರಲ್ಲಿ ಮಿಲಾನಿನಲ್ಲಿ ಮಗನಿಗೆ ದೀಕ್ಷಾಸ್ನಾನವಾಯಿತು, ಅದೇ ವರ್ಷ ಅವಳು ಕಣ್ಣು ಮುಚ್ಚಿದಳು. ಅವ್ವ ಮೊದಲು ಇದನ್ನು ಆಸೆಯಿಂದ ಕೇಳುತ್ತಿದ್ದಳು. 17ನೇ ವರ್ಷ ದಾಟಿದ ಮೇಲೆ ಯಾರಾದರೂ ಆ ಕಥೆ ತೆಗೆದರೆ ಚಹಾ ಮಾಡಲು ಏಳುತ್ತಾಳೆ. ನನಗೀಗ ಹತ್ತಿರ ಅನ್ನಿಸುವುದು ಮದರ್ ತೆರೇಸಾ. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಹೊರಬಂದವಲ್ಲ. ದೇವರು ಹತ್ತಿರ ಇದ್ದಾನೆ ಅನ್ನುವ ಭಾವನೆಯೇ ಇಲ್ಲದೆ ದಶಕಗಳನ್ನು ಕಳೆದಿದ್ದರು. ಆದರೂ ಬೆಳಗ್ಗೆ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ನಿಜವಾದ ಮಾತು ಇನ್ನೂ ಉಳಿದಿದೆ.

ಶುಭ ಶುಕ್ರವಾರ ಅಲ್ಲಿ ನಿಂತಾಗ, ನಾನು ಅಣ್ಣನಿಗಾಗಿ ಪ್ರಾರ್ಥನೆ ಮಾಡಿ ಒಂದು ವರ್ಷದ ಮೇಲಾಗಿತ್ತು. ಯಾವ ದಿನ ಬಿಟ್ಟೆ ಅಂತಲೂ ಗೊತ್ತಿಲ್ಲ. ಅವ್ವ "ಅಣ್ಣಗ ಬೇಡ್ಕೊಂಡಿ?" ಅಂತ ಕೇಳಿದಾಗಲೆಲ್ಲ ಹೂಂ ಅಂದಿದ್ದೇನೆ. ಆಮೇಲೆ ಆಗಸ್ಟಿನ ಆ ರಾತ್ರಿ. ಎರಡು ಗಂಟೆಗೆ ಫೋನ್ ಬಂತು, ಅಣ್ಣ ಬೈಕಿನಿಂದ ಬಿದ್ದಿದ್ದಾನೆ, ಬೇಗ ಬನ್ನಿ ಅಂತ. ಕತ್ತಲೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಆಗ ನನ್ನ ಮನಸ್ಸಿಗೆ ಬಂದ ಮೊದಲ ಮಾತು "ಮುಗಿಯಿತಾ?" ಅಂತ. ಅದರಲ್ಲಿ ಭಯ ಇತ್ತು. ನಿರಾಳವೂ ಇತ್ತು ದೋಸ್ತ. ಒಂದು ಉಸಿರಿನಷ್ಟು ಹೊತ್ತು ನಾನು ಅದನ್ನೇ ಬೇಡಿದೆ. ಆ ಪ್ರಾರ್ಥನೆಯನ್ನೂ ದೇವರು ಕೇಳಲಿಲ್ಲ. ಅದಕ್ಕಾಗಿ ಈಗ ಪ್ರತಿ ದಿನ ಸ್ತೋತ್ರ ಹೇಳುತ್ತೇನೆ.

ಅವತ್ತು ನೀನು ಧಾರವಾಡದಿಂದ ಮಳೆಯಲ್ಲೇ ಗಾಡಿ ಓಡಿಸಿಕೊಂಡು ಹುಬ್ಬಳ್ಳಿಗೆ ಬಂದೆ. ಹೆಗಲಿಗೆ ಥರ್ಮಾಸ್. ಒಂದು ವಾಕ್ಯವನ್ನೂ ಹೇಳಲಿಲ್ಲ, ದೇವರ ಚಿತ್ತ ಅನ್ನಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲದ ಮೇಲೆ ನನ್ನ ಪಕ್ಕ ಕೂತು ಚಹಾ ಬಗ್ಗಿಸಿದೆ. ನಿನ್ನ ಪ್ಯಾಂಟಿನಿಂದ ನೀರು ಇಳಿದು ನಮ್ಮಿಬ್ಬರ ನಡುವೆ ನಿಂತಿತ್ತು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಮೊದಲು ಹೀಗೇ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ತಪ್ಪು ಮಾಡಿದ್ದು ಬಾಯಿ ಬಿಟ್ಟ ಮೇಲೆ. ಬೆಳಗಿನ ಜಾವ ಡಾಕ್ಟರು ಬಂದು ಕಾಲು ಮುರಿದಿದೆ, ಜೀವಕ್ಕೆ ಏನೂ ಇಲ್ಲ ಅಂದಾಗ ನೀನು ಎದ್ದು ಥರ್ಮಾಸಿನ ಮುಚ್ಚಳ ಹಾಕಿದೆ. ಅಷ್ಟೇ. ನಾನು ಅವತ್ತಿನಿಂದ ಮತ್ತೆ ಪ್ರಾರ್ಥನೆ ಮಾಡುತ್ತಿದ್ದೇನೆ. ಜಾಸ್ತಿ ಮಾತಿಲ್ಲ. ಅವ್ವನ ಹತ್ತಿರ ಕಲಿತದ್ದು. ಅವಳು ರಾತ್ರಿ ದೀಪ ಆರಿಸುವ ಮುಂಚೆ ಹೇಳುವುದನ್ನು ಕೋಣೆಯ ಹೊರಗೆ ನಿಂತು ಕೇಳಿದ್ದೇನೆ. "ಇವತ್ತೂ ಏನೂ ಹೇಳಲಿಲ್ಲ ನೀ. ನಾಳೆ ಮತ್ತ ಬರತೀನಿ."

ಅಣ್ಣ ಈಗ ಊರುಗೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾನೆ. ಬಿಟ್ಟಿದ್ದಾನಾ ಅಂತ ಕೇಳಬೇಡ. ಕೆಲವು ದಿನ ಹೌದು, ಕೆಲವು ದಿನ ಇಲ್ಲ.

ಸಾಕು, ಇಲ್ಲಿಗೆ ಬಿಡುತ್ತೇನೆ. ಕ್ರಿಸ್ಮಸ್ಸಿಗೆ ಬರುತ್ತೀಯಲ್ಲ? ಅವ್ವ ಕರ್ಚಿಕಾಯಿಗೆ ಕೊಬ್ಬರಿ ತರಿಸಿ ಇಟ್ಟಿದ್ದಾಳೆ, ನಿನ್ನ ಡಬ್ಬಿ ಬೇರೆಯೇ ಇದೆ. ಸಂಡೇ ಸ್ಕೂಲಿನ ಮಕ್ಕಳು ಈ ಸಲ ನಾಟಕ ಮಾಡುತ್ತಿದ್ದಾರೆ. ಅವರಿಗೊಂದು ಗಡ್ಡ ಬೇಕಂತೆ. ನಿನ್ನ ಹತ್ತಿರ ಇದೆ ಅಂತ ಹೇಳಿಬಿಟ್ಟಿದ್ದೇನೆ, ಮರೆಯದೆ ತಗೊಂಡು ಬಾ.

ನಿನ್ನ,
ಎರಡನೇ ಜ್ಞಾನಿ