ಸುನೀತಾಳಿಗೆ, ಮಂಗಳೂರಿನ ಜೆಪ್ಪುವಿನಿಂದ

ಪ್ರೀತಿಯ ಸುನೀತಾ,

ನಿನ್ನ ಕಾಗದ ಸೋಮವಾರ ಬಂತು. ಹೊಸ ಮನೆ, ಮಕ್ಕಳ ಸ್ಕೂಲು, ಹಿಮ, ಎಲ್ಲ ಓದಿದೆ. ಕೊನೆಯ ಪುಟದ ಒಂದು ಸಾಲು ಮಾತ್ರ ನನ್ನನ್ನು ಬಿಡ್ತಾ ಇಲ್ಲ. ‘ನಾನು ಕೈ ಎತ್ತಿದರೆ ನಾಳೆ ರೂತ್ ಮುಖ ಹೇಗೆ ನೋಡಲಿ, ದೊಡ್ಡಪ್ಪ?’

ಪಕ್ಕದ ಮನೆಯ ಯೆಹೂದಿ ಗೆಳತಿಗೆ ನೋವಾಗುತ್ತದಲ್ಲ ಅಂತ ನಿನ್ನ ಸಂಕಟ. ನಿಮ್ಮ ಚರ್ಚಿನ ಹಣ ಇಸ್ರೇಲಿನ ಸೈನ್ಯಕ್ಕೆ ಸಾಮಾನು ಒದಗಿಸುವ ಕಂಪನಿಗಳಲ್ಲಿ ಇರಬೇಕೋ ಬೇಡವೋ, ಅದು ನಿಮ್ಮ ಮೀಟಿಂಗಿನಲ್ಲಿ ಓಟಿಗೆ ಬರುವ ಮಾತು, ಇಲ್ಲಿ ಕೂತು ನಾನು ಹೇಳುವುದಲ್ಲ. ನಿಮ್ಮ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆಯೇ ಎಷ್ಟು ಒದ್ದಾಡಿತು ನೋಡು. 2012ರಲ್ಲಿ ಎರಡೇ ಓಟಿನ ಅಂತರದಲ್ಲಿ ಷೇರು ಮಾರುವುದು ಬೇಡ ಅಂತಾಯಿತು. 2014ರಲ್ಲಿ ಡೆಟ್ರಾಯಿಟಿನಲ್ಲಿ 310ಕ್ಕೆ 303. ಕ್ಯಾಟರ್‌ಪಿಲ್ಲರ್, ಹ್ಯೂಲೆಟ್ ಪ್ಯಾಕರ್ಡ್, ಮೊಟೊರೋಲಾ ಸೊಲ್ಯೂಷನ್ಸ್ ಷೇರು ಮಾರುವುದು ಅಂತ ತೀರ್ಮಾನ. ಎಲ್ಲ ಸೇರಿ ಸುಮಾರು 2 ಕೋಟಿ 10 ಲಕ್ಷ ಡಾಲರ್. ಆ ಕಂಪನಿಗಳಿಗೆ ಅದು ಚಿಲ್ಲರೆ. ಆದರೆ ಪ್ಯಾಲೆಸ್ಟೀನಿನವರ ಮನೆ ಕೆಡವಿದ ಬುಲ್ಡೋಜರಿನಲ್ಲಿ ನಮ್ಮ ಕಾಣಿಕೆ ದುಡ್ಡೂ ಇದೆ ಅನ್ನಿಸಿದವರಿಗೆ ನಿದ್ದೆ ಹೇಗೆ ಬರಬೇಕು? ಇಸ್ರೇಲಿಗೆ ಬದುಕುವ ಹಕ್ಕಿದೆ ಅಂತಲೂ ಅದೇ ನಿರ್ಣಯದಲ್ಲಿ ಬರೆದರು. ಆದರೂ ಎಷ್ಟೋ ಯೆಹೂದಿಗಳು ನೊಂದುಕೊಂಡರು. ಆ 303 ಜನರಲ್ಲಿ ಎಷ್ಟು ಮಂದಿಗೆ ಪಕ್ಕದ ಮನೆಯಲ್ಲಿ ಒಬ್ಬೊಬ್ಬ ರೂತ್ ಇದ್ದಳೋ.

ರೂತ್ ನಿನಗೆ ಏನೇನು ಮಾಡಿದ್ದಾಳೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ನನಗೂ ಹೊಟ್ಟೆಯಲ್ಲಿ ಸಂಕಟ.

ಹಂಚಿನ ಕಾರ್ಖಾನೆಯ ಅಜ್ಜನ ಕಥೆ ಮತ್ತೆ ಹೇಳೋಲ್ಲ. 1865ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಇಲ್ಲೇ ಶುರು ಮಾಡಿದ ಕೆಲಸ, ದೂರದ ಯುರೋಪಿನ ಮೊದಲ ಮಹಾಯುದ್ಧಕ್ಕೆ ಸಿಕ್ಕಿ ಬೇರೆಯವರ ಪಾಲಾಯಿತು. ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದು ಕೂಡಿಹಾಕಿದರು. ಅಜ್ಜನ ಒಂದು ಹಂಚು ಅಟ್ಟದಲ್ಲಿ ಇನ್ನೂ ಇದೆ. ಅಕ್ಷರ ಸವೆದಿದೆ, ಬೆರಳಾಡಿಸಿದರೆ ಮಾತ್ರ ಸಿಗುತ್ತದೆ. ಇದನ್ನು ಯಾಕೆ ಬರೆದೆನೋ.

ನಾನು ಹೇಳಬೇಕೆಂದಿದ್ದು ಆನಂದನ ವಿಷಯ. 1980ರ ಸುಮಾರು. ನಮ್ಮ ಚರ್ಚಿನ ಡಿಪಾಸಿಟ್ ಒಂದು ಫೈನಾನ್ಸಿನಲ್ಲಿತ್ತು, ಅದರ ಹಿಂದೆ ಸಾರಾಯಿ ಗುತ್ತಿಗೆಯ ದುಡ್ಡು. ಹಣ ವಾಪಸ್ ತೆಗೆಯೋಣ ಅಂತ ಕಮಿಟಿಯಲ್ಲಿ ಮಾತು ಬಂತು. ನಾನೂ ಕೈ ಎತ್ತಿದೆ. ಅದು ತಪ್ಪು ಅಂತ ಈಗಲೂ ಅನ್ನಿಸೋಲ್ಲ. ಆದರೆ ಆ ಡಿಪಾಸಿಟ್ ಮಾಡಿಸಿದವನು ಆನಂದ, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವನಿಗೆ ಮೊದಲೇ ಹೇಳಲಿಲ್ಲ. ಮೂರು ದಿನ ಅವನ ಮನೆ ಓಣಿ ಬಿಟ್ಟು ಸುತ್ತು ಹಾಕಿ ನಡೆದೆ. ಕೊನೆಗೆ ಬೇರೆ ಯಾರೋ ಹೇಳಿದರು. ಆಮೇಲೂ ಅವನು ಮಾತು ಬಿಡಲಿಲ್ಲ, ಚೆನ್ನಾಗಿಯೇ ಮಾತಾಡಿಸಿದ. ‘ಹೇಗಿದ್ದೀರಿ’ ಅಂತ. ಸಾಯುವ ತನಕ ನನ್ನನ್ನು ‘ನೀವು’ ಅಂದ.

ಅದಕ್ಕೇ, ಬುದ್ಧಿ ಹೇಳುವಷ್ಟು ದೊಡ್ಡವನಲ್ಲದಿದ್ದರೂ, ಮೀಟಿಂಗಿಗೆ ಮೊದಲು ರೂತ್ ಮನೆಗೆ ಹೋಗು. ಫೋನಿನಲ್ಲಿ ಬೇಡ. ಒಪ್ಪಿಸೋಕೆ ಹೋಗಬೇಡ, ಸುಮ್ನೆ ಹೇಳು. ಅವಳು ಬೈದರೆ ಬೈಸಿಕೋ. ಮತ್ತೆ, ಹಣ ನೇರ ಷೇರಿನಲ್ಲಿದೆಯೋ ಫಂಡಿನಲ್ಲಿದೆಯೋ ಖಜಾಂಚಿಯನ್ನು ಕೇಳಿದ್ದೀಯಾ? ಫಂಡಾದರೆ ಒಂದೇ ಕಂಪನಿಯನ್ನು ಹೆಕ್ಕಿ ತೆಗೆಯೋಕಾಗಲ್ಲ, ಅಲ್ವಾ? ನಿನಗೆ ಗೊತ್ತಿರುತ್ತದೆ, ಬಿಡು.

ಅವಳು ಬಾಗಿಲೇ ತೆರೆಯದಿದ್ದರೆ ಏನು ಅಂತ ಕೇಳಬೇಡ.

ಹಲಸಿನ ಹಪ್ಪಳ ಕಳಿಸಿದ್ದೇವೆ. ರೂತ್‌ಗೆ ಅಂತ ದೊಡ್ಡಮ್ಮ ಒಂದು ಕಟ್ಟು ಬೇರೆ ಇಟ್ಟಿದ್ದಾಳೆ. ಮೀಟಿಂಗಿಗೆ ಮೊದಲೇ ತಲುಪಿದರೆ ಒಳ್ಳೆಯದಿತ್ತು.

ನಿನ್ನ
ದೊಡ್ಡಪ್ಪ